ಸಿಎಫ್ ಇರುವ ಮಗ: ಖೋ-ಖೋ, ಫಿಸಿಯೋ, ನಿದ್ದೆ, ಯಾವುದನ್ನು ಬಿಡಿಸಲಿ?

ಗದಗಿನ ಅವ್ವ | ಭಾನುವಾರ ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಗನಿಗೆ 12 ವರ್ಷ, ಏಳನೇ ಕ್ಲಾಸು, ತೂಕ 28 ಕೆಜಿ. ಸಿಸ್ಟಿಕ್ ಫೈಬ್ರೋಸಿಸ್ (ಸಿಎಫ್, ಕಫ ಅಂಟಾಗಿ ಎದೆಯಲ್ಲಿ ಕಟ್ಟಿಕೊಳ್ಳುವ ಹುಟ್ಟು ಕಾಯಿಲೆ) ಅಂತ ಗೊತ್ತಾಗಿದ್ದು ನಾಲ್ಕನೇ ವರ್ಷಕ್ಕೆ. ಅದಕ್ಕೂ ಮೊದಲು ಟಿಬಿ ಅಂತ ಆರು ತಿಂಗಳು ಮಾತ್ರೆ ನುಂಗಿಸಿದ್ದೆವು. ನಮ್ಮತ್ತೆ ಮಾತ್ರ ಅವನು ಕೂಸಿದ್ದಾಗಲೇ "ಇವನ ಹಣಿಗೆ ಮುದ್ದ ಕೊಟ್ರ ಉಪ್ಪುಪ್ಪು ಹತ್ತತೈತಿ" ಅಂದಿದ್ದರು. ನಾವೆಲ್ಲ ನಕ್ಕಿದ್ದೆವು. ಕೊನೆಗೆ ವೆಲ್ಲೂರಿನ ಸಿಎಂಸಿಗೆ ಹೋಗಿ ಬೆವರು ಪರೀಕ್ಷೆ ಮಾಡಿಸಿದಾಗ ಕ್ಲೋರೈಡ್, ಅಂದರೆ ಬೆವರಿನ ಉಪ್ಪಿನ ಅಂಶ, 96 ಬಂತು. 60 ಮುಟ್ಟಿದರೇ ಸಿಎಫ್ ಅಂತೆ. ಅತ್ತೆಯ ನಾಲಿಗೆಯೇ ಲ್ಯಾಬ್‌ಗಿಂತ ಮುಂದಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಶಾಲೆಯ ಖೋ-ಖೋ ತಂಡಕ್ಕೆ ಆಯ್ಕೆಯಾಗಿದ್ದಾನೆ. ಅಭ್ಯಾಸ ಬೆಳಿಗ್ಗೆ 6:15ಕ್ಕೆ. ಅದಕ್ಕೂ ಮುಂಚೆ ಇನ್‌ಹೇಲರ್, ಆಮೇಲೆ ಉಪ್ಪುನೀರಿನ ನೆಬ್ಯುಲೈಸರ್, ಆಮೇಲೆ ಬಾಟಲಿಯಲ್ಲಿ ಗುಳುಗುಳು ಊದುವ ಪೆಪ್, ಹಫ್ ಮಾಡಿ ಕಫ ತೆಗೆಯುವುದು, ಹೊಟ್ಟೆಗೆ ಏನಾದರೂ ತಿನ್ನಿಸುವುದು. ಇಷ್ಟಕ್ಕೆ 4:45ಕ್ಕೆ ಎಬ್ಬಿಸಬೇಕು. ಸಂಜೆ ಟ್ಯೂಷನ್, ಹೋಮ್‌ವರ್ಕ್, 9ಕ್ಕೆ ಊಟ, 9:45ಕ್ಕೆ ಮತ್ತೆ ನೆಬ್ಯುಲೈಸರ್ ಮತ್ತು ಫಿಸಿಯೋ. ಮಲಗುವಾಗ 10:45. ಒಂದು ತಿಂಗಳಿಂದ ರಾತ್ರಿ ಎರಡು ಗಂಟೆಗೆ ಕೆಮ್ಮುತ್ತಾ ಎದ್ದು ಕೂರುತ್ತಾನೆ. ಕ್ಲಾಸಿನಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಾನೆ ಅಂತ ಟೀಚರ್ ಡೈರಿಯಲ್ಲಿ ಬರೆದು ಕಳಿಸಿದ್ದಾರೆ. ತೂಕ ಮೂರು ತಿಂಗಳಲ್ಲಿ ಅರ್ಧ ಕೆಜಿ ಇಳಿದಿದೆ.

ಮನೆಯಲ್ಲಿ ಎಲ್ಲರೂ "ಆಟ ಬಿಡಿಸು" ಅನ್ನುತ್ತಾರೆ. ಅವನು "ಅವ್ವಾ, ಬೇಕಾದ್ರ ಊಟ ಬಿಡ್ತೀನಿ, ಆಟ ಬಿಡಂಗಿಲ್ಲ" ಅನ್ನುತ್ತಾನೆ. ದಿನಕ್ಕೆ 24 ಗಂಟೆ ನಮಗೆ ಸಾಲುತ್ತಿಲ್ಲ. ಯಾವುದನ್ನು ಕತ್ತರಿಸಲಿ, ಹೇಳಿ.

ಉಪ್ಪುಗಲ್ಲು | ಸೋಮವಾರ ಬೆಳಿಗ್ಗೆ 7:05

ಅಕ್ಕಾ, ನನಗೂ ಸಿಎಫ್. ವಯಸ್ಸು 29, ಬೆಂಗಳೂರು, ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಆಟವನ್ನು ಮಾತ್ರ ಬಿಡಿಸಬೇಡಿ.

ನನ್ನನ್ನು ಶಾಲೆಯಲ್ಲಿ ಪಿಟಿ ಪೀರಿಯಡ್‌ಗೆ ಮರದ ಕೆಳಗೆ ಕೂರಿಸುತ್ತಿದ್ದರು. ಎಲ್ಲರ ಚಪ್ಪಲಿ, ವಾಟರ್ ಬಾಟಲಿ ಕಾಯುವ ಕೆಲಸ ನನ್ನದು. ಹತ್ತು ವರ್ಷ ಚಪ್ಪಲಿ ಕಾಯ್ದೆ. 22ನೇ ವಯಸ್ಸಿನಲ್ಲಿ ಎಫ್‌ಇವಿ1 (ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಊದುತ್ತೇವೆ ಅನ್ನುವ ಲೆಕ್ಕ) ನೂರಕ್ಕೆ 51ಕ್ಕೆ ಇಳಿದಾಗ ವೈದ್ಯರು "ಓಡು" ಅಂದರು. ಮೊದಲ ದಿನ ಮನೆಯ ಮುಂದಿನ ಲೈಟ್ ಕಂಬದಿಂದ ಮುಂದಿನ ಕಂಬಕ್ಕೆ ಓಡಿ ಅಲ್ಲೇ ಕೂತಿದ್ದೆ. ಈಗ ವಾರಕ್ಕೆ ನಾಲ್ಕು ದಿನ 3 ಕಿಮೀ ಓಡುತ್ತೇನೆ. ಎಫ್‌ಇವಿ1 58ರ ಆಸುಪಾಸಿನಲ್ಲಿ ನಿಂತಿದೆ. ಇಳಿಯದೆ ನಿಂತಿರುವುದೇ ನಮ್ಮ ಪಾಲಿಗೆ ಹಬ್ಬ.

ಇದು ನನ್ನೊಬ್ಬನ ಕಥೆ ಅಲ್ಲ. 1992ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು. 109 ಸಿಎಫ್ ರೋಗಿಗಳಿಗೆ ಸೈಕಲ್ ತುಳಿಸಿ ದಮ್ಮು ಅಳೆದು, ಎಂಟು ವರ್ಷ ಗಮನಿಸಿದರು. ಹೆಚ್ಚು ದಮ್ಮಿದ್ದವರಲ್ಲಿ ನೂರಕ್ಕೆ 83 ಮಂದಿ ಬದುಕಿದ್ದರು. ನಡುವಿನವರಲ್ಲಿ 51, ಕಡಿಮೆ ಇದ್ದವರಲ್ಲಿ 28. "ಕಾಯಿಲೆ ಕಡಿಮೆ ಇದ್ದವರಿಗೆ ದಮ್ಮು ಜಾಸ್ತಿ ಇರುತ್ತದೆ, ಅದರಲ್ಲೇನು" ಅಂತ ನಾನೂ ಕೇಳಿದ್ದೆ. ಶ್ವಾಸಕೋಶದ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ದಮ್ಮಿನ ಲೆಕ್ಕ ನಿಂತಿತಂತೆ. ಆಗಿನ ಔಷಧಿಗಳೇ ಬೇರೆ, ಆ ಅಂಕಿಗಳನ್ನು ಇವತ್ತಿನ ಮಕ್ಕಳಿಗೆ ಹಾಗೇ ಹಚ್ಚಬೇಡಿ. ದಿಕ್ಕು ಮಾತ್ರ ಅದೇ.

ಹಿರಿಯ ಮಿತ್ರ | ಸೋಮವಾರ ಬೆಳಿಗ್ಗೆ 9:30

ತಂಗಿ, ನಾನು ರಿಟೈರ್ ಆದ ಮೇಷ್ಟ್ರು, ವೈದ್ಯನಲ್ಲ. ಅನುಭವದಿಂದ ಹೇಳುತ್ತೇನೆ. ಎಳೆ ಜೀವ, ಕೆಮ್ಮು ಇರುವಾಗ ದೂಳಿನಲ್ಲಿ ಓಡಿಸುವುದು ಬೇಡ. ರಾತ್ರಿ ಕೆಮ್ಮು ನಿಲ್ಲುವ ಸಿರಪ್ ಒಂದು ಚಮಚ ಕೊಟ್ಟರೆ ಹಾಯಾಗಿ ಮಲಗುತ್ತಾನೆ. ತುಪ್ಪ, ಎಣ್ಣೆ ಕಫ ಕಟ್ಟುತ್ತವೆ, ಒಂದು ತಿಂಗಳು ಪಥ್ಯ ಮಾಡಿಸಿ. ಉಪ್ಪೂ ಕಡಿಮೆ ಮಾಡಿ. ಮೆಣಸಿನ ಕಷಾಯ ಕೊಡಿ.

ಉಪ್ಪುಗಲ್ಲು | ಸೋಮವಾರ ಬೆಳಿಗ್ಗೆ 9:52

ಕಾಕಾ, ಬೇಜಾರು ಮಾಡಿಕೊಳ್ಳಬೇಡಿ. ಬೇರೆ ಮಕ್ಕಳಿಗೆ ನೀವು ಹೇಳಿದ್ದು ನಡೆಯಬಹುದು. ನಮಗೆ ಎಲ್ಲವೂ ತಿರುಗುಮುರುಗು.

ನಮ್ಮ ಕಫ ಅಂಟು, ಅಂಟವಾಳದ ಕಾಯಿಯ ಒಳಗಿನ ಲೋಳೆ ಇದ್ದ ಹಾಗೆ. ಜೀವಕೋಶದ ಗೋಡೆಯಲ್ಲಿ ಕ್ಲೋರೈಡ್ ಸಾಗಿಸುವ ಬಾಗಿಲೊಂದು ಇರುತ್ತದೆ, ಸಿಎಫ್‌ಟಿಆರ್ ಅಂತ. ನಮ್ಮಲ್ಲಿ ಅದು ಕೆಟ್ಟಿರುತ್ತದೆ. ಅದರಿಂದ ಶ್ವಾಸನಾಳದ ಮೇಲಿನ ನೀರಿನ ಪದರ ಒಣಗುತ್ತದೆ, ಕಫ ಅಲ್ಲೇ ಕೂರುತ್ತದೆ, ಅದರಲ್ಲಿ ಕ್ರಿಮಿ ಬೆಳೆಯುತ್ತವೆ. ಅದನ್ನು ಆಚೆ ಹಾಕಲು ಇರುವ ದಾರಿ ಕೆಮ್ಮೊಂದೇ. ಸಿರಪ್ ಕೊಟ್ಟು ಕೆಮ್ಮು ನಿಲ್ಲಿಸಿದರೆ ಕಳ್ಳನನ್ನು ಒಳಗಿಟ್ಟು ಹೊರಗಿಂದ ಬೀಗ ಹಾಕಿದ ಹಾಗೆ.

ಉಪ್ಪಿನದ್ದೂ ಅಷ್ಟೇ. 1948ರ ಬೇಸಿಗೆಯಲ್ಲಿ ನ್ಯೂಯಾರ್ಕ್‌ನಲ್ಲಿ ವಿಪರೀತ ಬಿಸಿಗಾಳಿ. ಬಿಸಿಲಿಗೆ ನಿತ್ರಾಣವಾಗಿ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಸಿಎಫ್ ಮಕ್ಕಳೇ ಎದ್ದು ಕಂಡರು. ಪಾಲ್ ಡಿ ಸ್ಯಾಂಟ್ ಆಗ್ನೀಸ್ ಅನ್ನುವ ವೈದ್ಯರು ಯಾಕೆ ಅಂತ ಬೆನ್ನು ಹತ್ತಿ, 1953ರಲ್ಲಿ ಬೆವರಿನಲ್ಲಿ ಉಪ್ಪು ಸೋರಿ ಹೋಗುವುದನ್ನು ತೋರಿಸಿದರು. ಇವತ್ತಿಗೂ ಕಾಯಿಲೆ ಗುರುತಿಸುವುದು ಅದೇ ಬೆವರಿನಿಂದ. ಏಪ್ರಿಲ್ ತಿಂಗಳ ಗದಗಿನಲ್ಲಿ ಓಡುವ ಹುಡುಗನಿಗೆ ಉಪ್ಪು ಕಡಿಮೆ ಮಾಡಿದರೆ ಏನಾಗಬಹುದು ಅಂತ ನೀವೇ ಯೋಚಿಸಿ.

ಕಷಾಯ ಕುಡಿಯಲಿ, ಖುಷಿಗೆ. ಔಷಧಿಯ ಜಾಗದಲ್ಲಿ ಬೇಡ.

ಬೆಣ್ಣೆದೋಸೆ | ಸೋಮವಾರ ಬೆಳಿಗ್ಗೆ 10:15

ದಾವಣಗೆರೆಯಿಂದ. ಮೇಲಿನ ಮಾತಿಗೆ ನಾನು ಸಾಕ್ಷಿ. ನನ್ನ ಮಗಳು ಏಳು ತಿಂಗಳ ಕೂಸಿದ್ದಾಗ, ಇನ್ನೂ ಕಾಯಿಲೆ ಗೊತ್ತಿರಲಿಲ್ಲ, ಮೇ ತಿಂಗಳು. ವಾಂತಿ, ಹಾಲು ಬೇಡ, ಕತ್ತು ನಿಲ್ಲದಷ್ಟು ಸುಸ್ತು. ಭೇದಿ ಇರಲಿಲ್ಲ, ಜ್ವರ ಇರಲಿಲ್ಲ. ರಕ್ತದಲ್ಲಿ ಸೋಡಿಯಂ, ಪೊಟ್ಯಾಶಿಯಂ, ಕ್ಲೋರೈಡ್ ಮೂರೂ ಪಾತಾಳಕ್ಕೆ ಇಳಿದಿದ್ದವು. ನಾಲ್ಕು ದಿನ ಐಸಿಯು. ಆ ರಿಪೋರ್ಟ್ ನೋಡಿದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ "ಬೆವರು ಪರೀಕ್ಷೆ ಮಾಡಿಸಿ" ಅಂದರು. ಸಿಎಫ್ ಕೂಸುಗಳಿಗೆ ಬಿಸಿಲಲ್ಲಿ ಹೀಗಾಗುತ್ತದಂತೆ, ಹುಸಿ ಬಾರ್ಟರ್ ಅಂತ ಹೆಸರು. ಈಗ ಅವಳ ಹಾಲಿಗೂ ಗಂಜಿಗೂ ಡಾಕ್ಟರ್ ಹೇಳಿದಷ್ಟು ಉಪ್ಪು ಅಳೆದು ಹಾಕುತ್ತೇನೆ. ನೋಡಿದವರೆಲ್ಲ ನನ್ನನ್ನು ಹುಚ್ಚಿ ಅನ್ನುತ್ತಾರೆ.

ಎದೆ ಫಿಸಿಯೋ | ಸೋಮವಾರ ಮಧ್ಯಾಹ್ನ 2:20

ನಾನು ಫಿಸಿಯೋಥೆರಪಿಸ್ಟ್, ಹದಿನಾಲ್ಕು ವರ್ಷದಿಂದ ಎದೆಯ ಕಾಯಿಲೆಯವರ ಜೊತೆಗೇ ಕೆಲಸ. ಗದಗಿನ ಅವ್ವ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನೀವು ಕೇಳಿದ್ದು ಟೈಮ್‌ಟೇಬಲ್ ಬಗ್ಗೆ. ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. "ಒಂದು ತಿಂಗಳಿಂದ" ರಾತ್ರಿ ಕೆಮ್ಮು. ತೂಕ ಇಳಿಕೆ. ಹಗಲು ಸುಸ್ತು. ಈ ಮೂರೂ ಒಟ್ಟಿಗೆ ಬಂದರೆ ನಾವು ಮೊದಲು ಅನುಮಾನಪಡುವುದು ಸೋಂಕನ್ನು, ಆಟವನ್ನಲ್ಲ. ಕಫದ ಕಲ್ಚರ್, ಅಂದರೆ ಯಾವ ಕ್ರಿಮಿ ಇದೆ ಅಂತ ಬೆಳೆಸಿ ನೋಡುವ ಪರೀಕ್ಷೆ, ಕೊನೆಯ ಸಲ ಯಾವಾಗ ಮಾಡಿಸಿದಿರಿ? ಮೂರು ತಿಂಗಳು ದಾಟಿದ್ದರೆ ಈ ವಾರವೇ ಕೊಡಿ. ಅದು ಬರುವವರೆಗೆ ಯಾವುದನ್ನೂ ಕತ್ತರಿಸಬೇಡಿ.

ಇನ್ನು ನಿಮ್ಮ ರಾತ್ರಿಯ ಕ್ರಮ. 9ಕ್ಕೆ ಹೊಟ್ಟೆ ತುಂಬ ಊಟ, 9:45ಕ್ಕೆ ಉಪ್ಪುನೀರು. ಇದು ಎರಡು ರೀತಿಯಲ್ಲಿ ತಪ್ಪು. ತುಂಬಿದ ಹೊಟ್ಟೆಯಲ್ಲಿ ಹಫ್ ಮಾಡಿದರೆ ವಾಂತಿಯಾಗುತ್ತದೆ ಅಥವಾ ಹುಳಿ ಮೇಲೆ ಬರುತ್ತದೆ. 7 ಪರ್ಸೆಂಟ್ ಉಪ್ಪುನೀರು ತೆಗೆದುಕೊಂಡ ಮೇಲೆ ಕಫ ಸಡಿಲವಾಗಿ ಸ್ವಲ್ಪ ಹೊತ್ತು ಬರುತ್ತಲೇ ಇರುತ್ತದೆ. ಅಷ್ಟರಲ್ಲಿ ಮಲಗಿಸಿದರೆ ಹುಡುಗ ಕೆಮ್ಮದೆ ಏನು ಮಾಡುತ್ತಾನೆ? ಮೊದಲು ಎಳೆದುಕೊಳ್ಳುವ ಇನ್‌ಹೇಲರ್‌ನಿಂದ ಕೆಲವು ಮಕ್ಕಳಿಗೆ ಎದೆ ಡವಡವ, ಕೈ ನಡುಕ, ಅದೂ ನಿದ್ದೆಗೆ ಶತ್ರು. ಸಂಜೆಯ ಸರದಿಯನ್ನು 6:30ಕ್ಕೆ, ಊಟಕ್ಕೆ ಮುಂಚೆ ತನ್ನಿ. ಒಂದು ಟ್ಯೂಷನ್ ಬಿಟ್ಟರೂ ಚಿಂತೆಯಿಲ್ಲ. ಬಿಡಿಸುವುದಿದ್ದರೆ ನನ್ನ ಓಟು ಟ್ಯೂಷನ್‌ಗೆ.

12 ವರ್ಷದ ಮಕ್ಕಳಿಗೆ ಕನಿಷ್ಠ 9 ಗಂಟೆ ನಿದ್ದೆ ಬೇಕು. ನಿಮ್ಮವನಿಗೆ ಸಿಗುತ್ತಿರುವುದು 6, ಅದರಲ್ಲೂ ಕೆಮ್ಮಿನ ಪಾಲು ಬೇರೆ.

ಖೋ-ಖೋ ಬಗ್ಗೆ ಒಂದು ಮಾತು, ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನನಗೆ ಈ ಆಟ ಇಷ್ಟ. ನಮ್ಮ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬ ಬೆನ್ನಟ್ಟುತ್ತಾನೆ, "ಖೋ" ಅಂದ ತಕ್ಷಣ ಕೂತವನು ಚಿಮ್ಮಿ ಎದ್ದು ಓಡುತ್ತಾನೆ. ಜೋರಾಗಿ ಓಟ, ಸ್ವಲ್ಪ ವಿರಾಮ, ಮತ್ತೆ ಓಟ. ಆಸ್ಪತ್ರೆಯಲ್ಲಿ ನಾವು ಟ್ರೆಡ್‌ಮಿಲ್ ಮೇಲೆ ಇದನ್ನೇ ಮಾಡಿಸುತ್ತೇವೆ, ದುಡ್ಡು ತೆಗೆದುಕೊಂಡು. ಕುಕ್ಕರುಗಾಲಲ್ಲಿ ಕೂತು ಏಳುವುದು ತೊಡೆಗೂ ಮೂಳೆಗೂ ಒಳ್ಳೆಯದು. ಸಿಎಫ್‌ನವರಿಗೆ ಮೂಳೆ ಬೇಗ ಸವೆಯುವ ಭಯ ಇರುತ್ತದೆ. ಮೈಭಾರ ಹೊತ್ತು ಕುಣಿಯುವ ಆಟ ಅದಕ್ಕೆ ಬೇಕು.

ಓಡುವಾಗ ಕೆಮ್ಮು ಬಂದರೆ ಹೆದರಬೇಡಿ. ಕಫ ಸಡಿಲವಾಗಿ ಮೇಲೆ ಬರುತ್ತಿದೆ ಅಂತ ಅರ್ಥ. ಆಟದ ನಡುವೆ ಎರಡು ಹಫ್ ಮಾಡಿ ಉಗಿದು ಬರಲಿ. ಕನ್ನಡಿ ಮೇಲೆ ಹಾಹ್ ಅಂತ ಉಸಿರು ಬಿಟ್ಟು ಮಂಜು ಮಾಡುತ್ತೇವಲ್ಲ, ಅದನ್ನೇ ಗಟ್ಟಿಯಾಗಿ ಮಾಡಿದರೆ ಹಫ್. ಕಫದಲ್ಲಿ ರಕ್ತ, ಒಮ್ಮೆಲೇ ಒಂದು ಬದಿ ಎದೆ ಚುಚ್ಚುವುದು, ತುಟಿ ನೀಲಿಯಾಗುವುದು, ಇವು ಕಂಡರೆ ಮಾತ್ರ ಆಟ ನಿಲ್ಲಿಸಿ ನೇರ ಆಸ್ಪತ್ರೆಗೆ. ಜ್ವರ ಇದ್ದ ದಿನವೂ ರಜೆ.

ಗದಗಿನ ಅವ್ವ | ಸೋಮವಾರ ಮಧ್ಯಾಹ್ನ 3:10

ಮೇಡಂ, ಕಲ್ಚರ್ ಮಾಡಿಸಿ ಏಳು ತಿಂಗಳಾಯಿತು. ಬಸ್ಸು, ರಜೆ, ಖರ್ಚು ಅಂತ ಮುಂದೂಡುತ್ತಾ ಬಂದೆ. ಓದಿ ಕೈ ತಣ್ಣಗಾಯಿತು. ನಾಳೆಯೇ ಫೋನ್ ಮಾಡುತ್ತೇನೆ.

ಒಂದು ಕೇಳಲಾ? ಬೆಳಿಗ್ಗೆ ಹೇಗೂ ಒಂದು ಗಂಟೆ ಓಡುತ್ತಾನೆ. ಆ ದಿನ ಫಿಸಿಯೋ ಬಿಟ್ಟರೆ ನಡೆಯುತ್ತದಾ? ಅವನ ಒಂದು ಗಂಟೆ ನಿದ್ದೆ ಉಳಿಯುತ್ತಿತ್ತು.

ಎದೆ ಫಿಸಿಯೋ | ಸೋಮವಾರ ಸಂಜೆ 5:45

ಎಲ್ಲ ತಾಯಂದಿರೂ ಕೇಳುವ ಪ್ರಶ್ನೆ ಇದು, ನಾಚಿಕೆ ಬೇಡ. ಓಟ ಕಫವನ್ನು ಅಲ್ಲಾಡಿಸುತ್ತದೆ, ಪೂರ್ತಿ ಆಚೆ ಹಾಕುವುದಿಲ್ಲ. ಹಾಗಾಗಿ ಬಿಡುವುದು ಬೇಡ. ಆದರೆ ಎರಡನ್ನೂ ಜೋಡಿಸಬಹುದು. ಇನ್‌ಹೇಲರ್ ಮತ್ತು ಉಪ್ಪುನೀರು ಮನೆಯಲ್ಲಿ, ಊದುವ ಪೆಪ್ ಬದಲು ಮೈದಾನದ ಓಟ, ನಡುನಡುವೆ ಶಿಸ್ತಾಗಿ ಹಫ್. ಕೆಲವು ಮಕ್ಕಳಿಗೆ ನಾನು ಹೀಗೆ ಮಾಡಿಸಿದ್ದೇನೆ. ಆದರೆ ನಿಮ್ಮ ಮಗನ ಎದೆಯನ್ನು ಸ್ಟೆತಸ್ಕೋಪ್ ಇಟ್ಟು ಕೇಳಿದವರು ಒಪ್ಪಿದ ಮೇಲೆ. ಅದೂ ಈ ಕೆಮ್ಮು ಇಳಿದ ಮೇಲೆ.

ತುಪ್ಪದ ಡಬ್ಬಿ | ಸೋಮವಾರ ರಾತ್ರಿ 8:30

ಡಯಟಿಷಿಯನ್ ಇಲ್ಲಿದ್ದೇನೆ, ಹೆಸರೇ ಹೇಳುವಂತೆ ತುಪ್ಪದ ಪರ. ಹಿರಿಯರ ಪಥ್ಯದ ಮಾತಿಗೆ ಒಂದು ಹಳೇ ಕಥೆ.

ಒಂದು ಕಾಲದಲ್ಲಿ ಪ್ರಪಂಚದ ದೊಡ್ಡ ದೊಡ್ಡ ಆಸ್ಪತ್ರೆಗಳೂ ಸಿಎಫ್ ಮಕ್ಕಳಿಗೆ ಪಥ್ಯವನ್ನೇ ಮಾಡಿಸುತ್ತಿದ್ದವು. ಮೇದೋಜೀರಕ ಗ್ರಂಥಿಯ ರಸ ಕರುಳಿಗೆ ಬರುವುದಿಲ್ಲ, ಕೊಬ್ಬು ಜೀರ್ಣವಾಗುವುದಿಲ್ಲ, ಮಲ ಜಿಡ್ಡಾಗಿ ನಾರುತ್ತದೆ. ಹಾಗಾದರೆ ಜಿಡ್ಡೇ ಕೊಡಬೇಡಿ ಅಂತ ಲೆಕ್ಕ. 70ರ ದಶಕದ ಮೊದಲಲ್ಲಿ ಟೊರೊಂಟೊದ ವೈದ್ಯರು ಉಲ್ಟಾ ಹೊಡೆದರು. ಬೆಣ್ಣೆ, ಕೆನೆಹಾಲು ಧಾರಾಳ ಕೊಡಿ, ಜೊತೆಗೆ ಆ ರಸದ ಬದಲು ನುಂಗುವ ಎನ್‌ಜೈಮ್ ಜಾಸ್ತಿ ಮಾಡಿ ಅಂದರು. 1988ರಲ್ಲಿ ಬಾಸ್ಟನ್ ಮತ್ತು ಟೊರೊಂಟೊ ಕ್ಲಿನಿಕ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಬದುಕಿನ ಸರಾಸರಿ ಅಂದಾಜು ಬಾಸ್ಟನ್‌ನಲ್ಲಿ 21 ವರ್ಷ, ಟೊರೊಂಟೊದಲ್ಲಿ 30. ಶ್ವಾಸಕೋಶದ ಶಕ್ತಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇತ್ತು. ಟೊರೊಂಟೊದವರು ಎತ್ತರದಲ್ಲಿ, ತೂಕದಲ್ಲಿ ಮುಂದಿದ್ದರು. ಆಮೇಲೆ ಎಲ್ಲರೂ ಬೆಣ್ಣೆಯ ಕಡೆಗೆ ತಿರುಗಿದರು.

ಈಗ ಗದಗಿನ ಅಡುಗೆಮನೆಗೆ ಬನ್ನಿ. ಜೋಳದ ರೊಟ್ಟಿ ಒಳ್ಳೆಯದೇ, ಆದರೆ ಸಣ್ಣ ಹೊಟ್ಟೆಯನ್ನು ಬೇಗ ತುಂಬಿಸಿಬಿಡುತ್ತದೆ. ಒಂದೇ ರೊಟ್ಟಿ ಸಾಕು, ಅದರ ಮೇಲೆ ಎರಡು ಚಮಚ ಬೆಣ್ಣೆ. ಶೇಂಗಾ ಚಟ್ನಿಪುಡಿಗೆ ಎಣ್ಣೆ ಮತ್ತು ಕೆನೆಮೊಸರು ಕಲೆಸಿಕೊಡಿ. ಒಂದು ದೊಡ್ಡ ಚಮಚ ತುಪ್ಪ ಅಂದರೆ ಸುಮಾರು 120 ಕ್ಯಾಲೊರಿ. ಅನ್ನಕ್ಕೆ, ಬೇಳೆಗೆ, ಉಪ್ಪಿಟ್ಟಿಗೆ ಸೇರಿಸಿದರೆ ಹುಡುಗನಿಗೆ ಗೊತ್ತೂ ಆಗುವುದಿಲ್ಲ. ಶೇಂಗಾ ಹೋಳಿಗೆ ನಿಮ್ಮ ಕಡೆಯ ವರ. ಡಬ್ಬಿಯಲ್ಲಿ ಹಾಕಿಟ್ಟರೆ ವಾರ ಇರುತ್ತದೆ. ಅದನ್ನು ಹಬ್ಬಕ್ಕೆ ಅಂತ ಎತ್ತಿಡಬೇಡಿ.

ನನ್ನ ಪ್ರಶ್ನೆ ಒಂದೇ: ಆಟಕ್ಕೆ ಹೋಗುವ ಮುಂಚೆ ಏನು ತಿನ್ನುತ್ತಾನೆ, ಅದಕ್ಕೆ ಎನ್‌ಜೈಮ್ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಾನಾ?

ಗದಗಿನ ಅವ್ವ | ಸೋಮವಾರ ರಾತ್ರಿ 9:15

ಎರಡು ತುಂಡು ಕರದಂಟು, ಒಂದು ಲೋಟ ಹಾಲು. ಮೈದಾನದಿಂದ ಬಂದ ಮೇಲೆ ಇನ್ನೊಂದು ತುಂಡು. ಅದು ಊಟ ಅಲ್ಲವಲ್ಲ ಅಂತ ಕ್ಯಾಪ್ಸೂಲ್ ಕೊಡುತ್ತಿರಲಿಲ್ಲ. ಊಟಕ್ಕೆ ಮಾತ್ರ 25,000 ಯೂನಿಟ್ಟಿನದ್ದು ಎರಡು.

ತುಪ್ಪದ ಡಬ್ಬಿ | ಸೋಮವಾರ ರಾತ್ರಿ 9:22

ಸಿಕ್ಕಿತು ನೋಡಿ! ಕರದಂಟಿನಲ್ಲಿ ಗೋಡಂಬಿ, ಬಾದಾಮಿ, ಕೊಬ್ಬರಿ, ತುಪ್ಪ. ಹಾಲಿನಲ್ಲಿ ಕೆನೆ. ಇಷ್ಟನ್ನು ಕ್ಯಾಪ್ಸೂಲ್ ಇಲ್ಲದೆ ಕೊಟ್ಟರೆ ಬಹುಪಾಲು ಹಾಗೇ ಆಚೆ ಹೋಗುತ್ತದೆ. ಬೆಳಿಗ್ಗೆ ಶಾಲೆಯಲ್ಲಿ ಹೊಟ್ಟೆನೋವು ಅನ್ನುತ್ತಾನಾ? ಮಲ ತೇಲುತ್ತದಾ, ಜಿಡ್ಡು ಅಂಟಿಕೊಳ್ಳುತ್ತದಾ? ಹಾಗಿದ್ದರೆ ಅದೇ ಕಾರಣ.

ಜಿಡ್ಡಿದ್ದ ಪ್ರತಿ ತಿಂಡಿಗೂ ಕ್ಯಾಪ್ಸೂಲ್ ಬೇಕು. ಬರೀ ಹಣ್ಣು, ಬೆಲ್ಲದ ಪಾನಕ, ಸಕ್ಕರೆ ಮಿಠಾಯಿಗೆ ಬೇಡ. ಮೊದಲ ತುತ್ತಿನ ಜೊತೆ ನುಂಗಬೇಕು, ಊಟ ಅರ್ಧ ಗಂಟೆ ಎಳೆದರೆ ನಡುವೆ ಇನ್ನೊಂದು. ಅಗಿಯಬಾರದು. ಆದರೆ ಮೇಲಿನ ಮಿತಿ ನೆನಪಿರಲಿ: ಒಂದು ಊಟಕ್ಕೆ ಕೆಜಿಗೆ 2,500 ಯೂನಿಟ್, ಇಡೀ ದಿನಕ್ಕೆ ಕೆಜಿಗೆ 10,000. ನಿಮ್ಮ 28 ಕೆಜಿ ಹುಡುಗನಿಗೆ ಒಂದು ಊಟಕ್ಕೆ 70,000. ಎರಡು ಸರಿ, ಮೂರು ಜಾಸ್ತಿ. ತಿಂಡಿಗೆ ಎಷ್ಟು ಅಂತ ನಿಮ್ಮ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ, ನಾನು ಇಲ್ಲಿಂದ ಹೇಳುವುದು ಸರಿಯಲ್ಲ. ಎ, ಡಿ, ಇ, ಕೆ ವಿಟಮಿನ್ ನಡೆಯುತ್ತಿದೆಯಾ ಅಂತಲೂ ನೋಡಿ. ಮತ್ತೆ, ಕ್ಯಾಪ್ಸೂಲ್ ಡಬ್ಬಿಯನ್ನು ಬಿಸಿಲಲ್ಲಿ ನಿಂತ ಬೈಕಿನ ಬಾಕ್ಸಿನಲ್ಲಿ ಇಡಬೇಡಿ. ಶಾಖಕ್ಕೆ ಎನ್‌ಜೈಮ್ ಸತ್ತು ಹೋಗುತ್ತದೆ.

ಮೈದಾನದಲ್ಲಿ ಏನು ಕುಡಿಯುತ್ತಾನೆ? ಬರೀ ನೀರಾದರೆ ಸಾಲದು. ವಿಚಿತ್ರ ಏನೆಂದರೆ ಈ ಮಕ್ಕಳಿಗೆ ಬೇಕಾದಷ್ಟು ಬಾಯಾರಿಕೆಯೇ ಆಗುವುದಿಲ್ಲ. ನಮಗೆ ಬೆವರಿದಾಗ ನೀರು ಹೋಗಿ ರಕ್ತದಲ್ಲಿ ಉಪ್ಪು ಗಟ್ಟಿಯಾಗುತ್ತದೆ, ಮಿದುಳು "ನೀರು ಕುಡಿ" ಅನ್ನುತ್ತದೆ. ಇವರಿಗೆ ನೀರಿನ ಜೊತೆ ಉಪ್ಪೂ ಹೋಗಿರುತ್ತದೆ, ಮಿದುಳಿಗೆ ಸುದ್ದಿಯೇ ಮುಟ್ಟುವುದಿಲ್ಲ. ಅದಕ್ಕೆ ಬಾಯಾರಿಕೆ ನಂಬಬೇಡಿ, ಗಡಿಯಾರ ನಂಬಿ. ಇಪ್ಪತ್ತು ನಿಮಿಷಕ್ಕೊಮ್ಮೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್. ನೀರು ಕಡಿಮೆಯಾದರೆ ಕರುಳಿನಲ್ಲಿ ಮಲ ಗಟ್ಟಿಯಾಗಿ ಕಟ್ಟಿಕೊಳ್ಳುವ ಅಪಾಯವೂ ಇದೆ.

ಮಿಸಿಸಾಗಾ ಅಮ್ಮ | ಮಂಗಳವಾರ ಬೆಳಿಗ್ಗೆ 6:50

ಬರೆಯಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ಮಗಳಿಗೆ 17. ಅವಳು 13 ಇದ್ದಾಗ, 2021ರಲ್ಲಿ, ಕೆನಡಾದಲ್ಲಿ ಟ್ರೈಕಾಫ್ಟಾಗೆ ಅನುಮತಿ ಸಿಕ್ಕಿತು. ಆ ಕೆಟ್ಟ ಬಾಗಿಲನ್ನೇ ರಿಪೇರಿ ಮಾಡುವ ಮಾತ್ರೆ. ಶುರು ಮಾಡಿದ ಮೊದಲ ರಾತ್ರಿಯೇ ಕಫ ಬಕೆಟ್‌ಗಟ್ಟಲೆ ಬಂತು ಅಂದರೆ ಉತ್ಪ್ರೇಕ್ಷೆ, ಆದರೆ ನನಗೆ ಹಾಗೇ ಅನಿಸಿತ್ತು. ಈಗ ಅವಳ ಹಣೆ ಉಪ್ಪಾಗಿಲ್ಲ.

ನಮ್ಮ ಸಮಸ್ಯೆ ಈಗ ಬೇರೆ. ವರ್ಷಗಟ್ಟಲೆ "ತಿನ್ನು ತಿನ್ನು" ಅಂತ ಬೆಣ್ಣೆ ಸವರಿದೆವು. ಮಾತ್ರೆ ಬಂದ ಮೇಲೆ ತೂಕ ಏರುತ್ತಾ ಹೋಯಿತು. ಹೋದ ವರ್ಷ ಇಲ್ಲಿನ ಡಯಟಿಷಿಯನ್ "ಇನ್ನು ಎಲ್ಲರಂತೆ ತರಕಾರಿ, ಹಣ್ಣು ತಿನ್ನು" ಅಂದರು. ಟೊರೊಂಟೊದವರೇ ಹೀಗೆ ಹೇಳುವ ಕಾಲ ಬಂತು! ನಿದ್ದೆಯೂ ಕೆಟ್ಟಿತು. ಶುರುವಿನ ತಿಂಗಳುಗಳಲ್ಲಿ ರಾತ್ರಿ ಕಣ್ಣೇ ಮುಚ್ಚುತ್ತಿರಲಿಲ್ಲ, ಏನೋ ಕಳವಳ. ಕೆಲವರಿಗೆ ಹೀಗಾಗುತ್ತದಂತೆ. ಅವಳ ತಂಡದವರು ಬೆಳಗಿನ ಮತ್ತು ರಾತ್ರಿಯ ಮಾತ್ರೆಗಳನ್ನು ಅದಲುಬದಲು ಮಾಡಿಕೊಟ್ಟ ಮೇಲೆ ಸರಿಹೋಯಿತು. ಸ್ವಂತ ತೀರ್ಮಾನ ಮಾತ್ರ ಬೇಡ.

ಇನ್ನೊಂದು. ಆ ಮಾತ್ರೆ ತೆಗೆದುಕೊಳ್ಳುವವರು ಗ್ರೇಪ್‌ಫ್ರೂಟ್ ತಿನ್ನಬಾರದು, ಔಷಧಿ ರಕ್ತದಲ್ಲಿ ಅಳತೆ ಮೀರುತ್ತದೆ. ನಮ್ಮ ಚಕ್ಕೋತ ಅದರ ಹತ್ತಿರದ ನೆಂಟ. ದೇವನಹಳ್ಳಿಯಲ್ಲಿ ತಾತ ಹಿತ್ತಲಿನ ಚಕ್ಕೋತ ಸುಲಿದು ಮೊಮ್ಮಗಳ ಬಾಯಿಗೆ ಇಡುವಾಗ ನಾನು ಓಡಿಹೋಗಿ ತಡೆದೆ. ತಾತನ ಮುಖ ನೋಡಬೇಕಿತ್ತು.

ಗದಗಿನ ಅವ್ವ | ಮಂಗಳವಾರ ಬೆಳಿಗ್ಗೆ 7:30

ಅಕ್ಕಾ, ಆ ಮಾತ್ರೆಗೆ ಎಷ್ಟಾಗುತ್ತದೆ?

ಮಿಸಿಸಾಗಾ ಅಮ್ಮ | ಮಂಗಳವಾರ ಬೆಳಿಗ್ಗೆ 7:41

ಅಮೆರಿಕದ ಪಟ್ಟಿಬೆಲೆ ವರ್ಷಕ್ಕೆ 3 ಲಕ್ಷ ಡಾಲರ್‌ಗೂ ಮೇಲೆ. ನಮ್ಮದು ವಿಮೆಯಲ್ಲಿ ಬರುತ್ತದೆ. ಬರೆಯಲೋ ಬೇಡವೋ ಅಂದಿದ್ದು ಅದಕ್ಕೇ.

ಗದಗಿನ ಅವ್ವ | ಮಂಗಳವಾರ ಬೆಳಿಗ್ಗೆ 7:44

ಬರೆದಿದ್ದು ಒಳ್ಳೆಯದಾಯಿತು ಅಕ್ಕಾ. ನಿಮ್ಮ ಮಗಳ ಹಣೆ ಉಪ್ಪಾಗಿಲ್ಲ ಅನ್ನುವುದನ್ನು ಅತ್ತೆಗೆ ಓದಿ ಹೇಳಿದೆ. "ಹಂಗೂ ಆಗತೈತೇನು" ಅಂತ ಮೂರು ಸಲ ಕೇಳಿದರು.

ಉಪ್ಪುಗಲ್ಲು | ಮಂಗಳವಾರ ಮಧ್ಯಾಹ್ನ 1:05

ನಿದ್ದೆ ಬಗ್ಗೆ ಯಾರೂ ಪೂರ್ತಿ ಬರೆದಿಲ್ಲ, ನಾನು ಬರೆಯುತ್ತೇನೆ. ನಮಗೆ ಹಗಲು ಆಮ್ಲಜನಕ ಸರಿಯಿದ್ದರೂ ರಾತ್ರಿ ಇಳಿಯಬಹುದು. ಮಲಗಿದಾಗ, ಅದರಲ್ಲೂ ಕನಸು ಬೀಳುವ ಹೊತ್ತಿನ ನಿದ್ದೆಯಲ್ಲಿ, ಉಸಿರು ಮೇಲುಮೇಲೆ ಆಗುತ್ತದೆ. ನನಗೆ ಒಂದು ಕಾಲದಲ್ಲಿ ಬೆಳಿಗ್ಗೆ ಎದ್ದಾಗ ತಲೆ ಸಿಡಿಯುತ್ತಿತ್ತು, ಕಾಫಿ ಕುಡಿದು ಸುಮ್ಮನಾಗುತ್ತಿದ್ದೆ. ಆಸ್ಪತ್ರೆಯವರು ಬೆರಳಿಗೆ ಕ್ಲಿಪ್ ಹಾಕಿ ಇಡೀ ರಾತ್ರಿ ರೆಕಾರ್ಡ್ ಮಾಡಿದಾಗ ಗೊತ್ತಾಯಿತು. ಮೂಗಿನಲ್ಲಿ ಪಾಲಿಪ್, ಅಂದರೆ ಮಾಂಸದ ಗಡ್ಡೆ, ಇದ್ದರೂ ನಿದ್ದೆ ಹಾಳು. ಮಗ ಗೊರಕೆ ಹೊಡೆಯುತ್ತಾನಾ ನೋಡಿ.

ಮುಖ್ಯವಾಗಿ: ರಾತ್ರಿ ಎದ್ದು ಮೂತ್ರಕ್ಕೆ ಹೋಗುತ್ತಾನಾ? ನಮ್ಮಲ್ಲಿ ದೊಡ್ಡವರಾಗುತ್ತಾ ಬಹಳ ಜನರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಅದೇ ಮೇದೋಜೀರಕದ ತೊಂದರೆಯಿಂದ. ತೂಕ ಏರದೇ ಇರುವುದೇ ಮೊದಲ ಸುಳಿವು. 10 ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುವ ಪರೀಕ್ಷೆ ಮಾಡಿಸಬೇಕು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ನಮ್ಮ ವಿಷಯದಲ್ಲಿ ನಂಬಿಕೆಗೆ ಸಾಲದು. ಸಕ್ಕರೆ ಕಾಯಿಲೆ ಬಂದರೂ ನಮಗೆ ಊಟ ಕಡಿಮೆ ಮಾಡುವುದಿಲ್ಲ, ಇನ್ಸುಲಿನ್ ಕೊಡುತ್ತಾರೆ. ಇದನ್ನು ಅಕ್ಕಪಕ್ಕದವರಿಗೆ ವಿವರಿಸುವಷ್ಟರಲ್ಲಿ ನನ್ನ ಎಫ್‌ಇವಿ1 ಇನ್ನೆರಡು ಇಳಿದಿರುತ್ತದೆ.

ಬೆಣ್ಣೆದೋಸೆ | ಮಂಗಳವಾರ ರಾತ್ರಿ 9:00

ಹುಬ್ಬಳ್ಳಿಯಲ್ಲಿ ಒಂದು ಭಾನುವಾರ ಎಲ್ಲರೂ ಸೇರೋಣವಾ? ಮಕ್ಕಳೂ ಒಟ್ಟಿಗೆ ಆಡಿಕೊಳ್ಳುತ್ತವೆ.

ಕಟ್ಟೆಯ ನಿರ್ವಾಹಕಿ | ಮಂಗಳವಾರ ರಾತ್ರಿ 9:12

ಆಸೆ ನನಗೂ ಇದೆ, ಆದರೆ ಮಕ್ಕಳನ್ನು ಸೇರಿಸುವಂತಿಲ್ಲ. ಒಬ್ಬರ ಎದೆಯ ಸ್ಯೂಡೋಮೊನಾಸ್, ಬರ್ಖೋಲ್ಡೇರಿಯಾ ಅನ್ನುವ ಕ್ರಿಮಿಗಳು ಇನ್ನೊಬ್ಬರಿಗೆ ದಾಟುತ್ತವೆ. ಇಬ್ಬರು ಸಿಎಫ್‌ನವರ ನಡುವೆ ಕನಿಷ್ಠ 6 ಅಡಿ ಇರಬೇಕು ಅನ್ನುವುದು ನಿಯಮ. ಅಮೆರಿಕದಲ್ಲೂ ಮೊದಲು ಬೇಸಿಗೆ ಶಿಬಿರ ನಡೆಸುತ್ತಿದ್ದರು, ಈ ಕಾರಣಕ್ಕೇ 90ರ ದಶಕದಲ್ಲಿ ನಿಲ್ಲಿಸಿದರು. ಅಪ್ಪ ಅಮ್ಮಂದಿರು ಮಾತ್ರ ಸೇರುವುದಾದರೆ ಬೇರೆ ಎಳೆ ತೆರೆಯೋಣ.

ಗದಗಿನ ಅವ್ವ | ಐದು ವಾರದ ನಂತರ, ಶನಿವಾರ ರಾತ್ರಿ 10:10

ಸುದ್ದಿ ಹೇಳದೆ ಸುಮ್ಮನಾಗಿದ್ದಕ್ಕೆ ಕ್ಷಮಿಸಿ. ಕಲ್ಚರ್‌ನಲ್ಲಿ ಸ್ಯೂಡೋಮೊನಾಸ್ ಬಂತು, ಮೊದಲ ಸಲ. 28 ದಿನ ಟೋಬ್ರಾಮೈಸಿನ್ ಅನ್ನುವ ಆಂಟಿಬಯೋಟಿಕ್‌ನ ನೆಬ್ಯುಲೈಸರ್, ದಿನಕ್ಕೆ ಎರಡು ಸಲ. ಅಂದರೆ ಹೊತ್ತು ಉಳಿಸಲು ಕೇಳಲು ಬಂದವಳಿಗೆ ಇನ್ನೂ ಅರ್ಧ ಗಂಟೆ ಕೆಲಸ ಜಾಸ್ತಿಯಾಯಿತು. ಗ್ಲೂಕೋಸ್ ಪರೀಕ್ಷೆಯಲ್ಲಿ ಎರಡು ಗಂಟೆಯದ್ದು 158. ಸಕ್ಕರೆ ಕಾಯಿಲೆ ಅಲ್ಲ, ಆದರೆ ಪೂರ್ತಿ ಸರಿಯೂ ಅಲ್ಲ, ಮತ್ತೆ ನೋಡಬೇಕಂತೆ.

ಸಂಜೆ ಟ್ಯೂಷನ್ ಬಿಡಿಸಿದೆ. 6:30ಕ್ಕೆ ಫಿಸಿಯೋ, 8ಕ್ಕೆ ಊಟ, 9ಕ್ಕೆ ಹಾಸಿಗೆ. ಆಟದ ಮೇಷ್ಟ್ರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು "ಇಷ್ಟ ದಿನ ಯಾಕ ಹೇಳಿಲ್ಲವ್ವ" ಅಂತ ಗದರಿದರು. ವಾರಕ್ಕೆ ಮೂರೇ ದಿನ ಬರಲಿ, ಉಳಿದ ದಿನ ಮಲಗಲಿ ಅಂದರು. ಮೈದಾನಕ್ಕೆ ನೀರು ಹೊಡೆಸಿ ಆಮೇಲೆ ಆಡಿಸುತ್ತಾರೆ. ಕರದಂಟಿಗೆ ಕ್ಯಾಪ್ಸೂಲ್ ಶುರುವಾದ ಮೇಲೆ ಹೊಟ್ಟೆನೋವಿಲ್ಲ. ತೂಕ 28.7.

ಮೊನ್ನೆ ರಾತ್ರಿ ಎರಡಕ್ಕೆ ನನಗೇ ಎಚ್ಚರವಾಯಿತು. ಮನೆಯೆಲ್ಲ ನಿಶ್ಯಬ್ದ. ಕೆಮ್ಮು ಕೇಳಿಸಲಿಲ್ಲ ಅಂತ ಎದೆ ಧಸಕ್ಕೆಂದಿತು. ಎದ್ದು ಹೋಗಿ ನೋಡಿದರೆ ಕೈಕಾಲು ಚಾಚಿ, ಹೊದಿಕೆ ಒದ್ದು ಮಲಗಿದ್ದ. ಮೂಗಿನ ಹತ್ತಿರ ಬೆರಳು ಹಿಡಿದು ನೋಡಿ ಬಂದೆ.

ಹಿರಿಯ ಮಿತ್ರ | ಶನಿವಾರ ರಾತ್ರಿ 10:25

ಬಹಳ ಸಂತೋಷ ತಂಗಿ. ಅವತ್ತು ಪಥ್ಯದ ಮಾತು ಹೇಳಿದ್ದು ನನ್ನ ತಪ್ಪು. ಮೈದಾನಕ್ಕೆ ಕಳಿಸುವ ಮಜ್ಜಿಗೆಗೆ ಉಪ್ಪು ಎಷ್ಟು ಹಾಕುತ್ತೀ, ಅದನ್ನು ಬರೆಯಲಿಲ್ಲ.

ಗದಗಿನ ಅವ್ವ | ಶನಿವಾರ ರಾತ್ರಿ 10:31

ಡಯಟ್ ಮೇಡಂ ಹೇಳಿದ ಲೆಕ್ಕ ಕಾಕಾ, ದೊಡ್ಡ ಲೋಟಕ್ಕೆ ಕಾಲು ಚಮಚದಲ್ಲಿ ಅರ್ಧ. ಮೊದಲ ದಿನ ತಂಡದ ಹುಡುಗರೆಲ್ಲ ತಮ್ಮ ತಮ್ಮ ಲೋಟಕ್ಕೆ ಹಾಕಿಸಿಕೊಂಡು ಕುಡಿದು ಥೂ ಅಂತ ಉಗಿದರಂತೆ. ಇವನು ಮನೆಗೆ ಬಂದು ಖಾಲಿ ಬಾಟಲಿ ಕೈಗಿಟ್ಟು ಹೇಳಿದ, "ಅವ್ವಾ, ಇನ್ನೂ ಸಪ್ಪಗೈತಿ."